ಓಣಿಯ ಟಿ.ವಿ.ಗಳಲ್ಲೆಲ್ಲ ನಮ್ಮ ಮನೆಯವರು

ನಮ್ಮ ಓಣಿಯ ಆರು ಮನೆಗಳ ಟಿ.ವಿ.ಯಲ್ಲಿ ನಮ್ಮ ಮನೆಯವರು ಬಂದಿದ್ದಾರೆ. ಯಾವ ಮನೆಯ ಟಿ.ವಿ.ಯಲ್ಲಿ ಬರಬೇಕೆಂದು ಅವರು ಮೂರು ವಾರ ಜೀವ ತೇಯ್ದರೋ ಆ ಒಂದು ಮನೆಯಲ್ಲಿ ಮಾತ್ರ ಅಷ್ಟು ದಿನವೂ ಬರಲಿಲ್ಲ. ಅದು ನಮ್ಮ ಮನೆ!

ಅವರ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬುವ ಕಾಲದವಳೇನೂ ನಾನಲ್ಲ. ಆದರೆ ಇಪ್ಪತ್ತೆರಡು ವರ್ಷ ‘ಏನ್ರೀ’ ಎಂದೇ ಕರೆದವಳು, ಓಗೊಡುವವರು ಇಲ್ಲದ ಮೇಲೆ ಹೊಸದಾಗಿ ಹೆಸರು ಹಿಡಿದು ಏನು ಮಾಡಲಿ? ಕೊಟ್ಟೂರಿನಲ್ಲಿ ‘ಟೈಪಿಂಗ್ ಮಾಸ್ತರು’ ಎಂದರೆ ಸಾಕು, ನಮ್ಮ ಓಣಿಗೆ ದಾರಿ ತೋರಿಸುತ್ತಿದ್ದರು. ಅವರ ಬಗ್ಗೆ ಬರೆಯಲು ಕುಳಿತರೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ನಗು. ನಗುವಿನ ಹಿಂದೆಯೇ ವಿಪರೀತ ದಣಿವು. ಆ ಮನುಷ್ಯನೊಂದಿಗೆ ಬದುಕಿದ್ದ ದಣಿವು ಇನ್ನೂ ಮೈಯಿಂದ ಇಳಿದಿಲ್ಲ ನೋಡಿ.

ನಮ್ಮ ಮನೆಗೂ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೂ ನಡುವೆ ಇದ್ದದ್ದು ಒಂದು ಓಣಿ. ಅದರ ಅಗಲ ಹನ್ನೊಂದು ಹೆಜ್ಜೆ. ನನಗೆ ಆ ಹನ್ನೊಂದು ಹೆಜ್ಜೆ ದಾಟುವುದು ಸಮುದ್ರ ದಾಟಿದಷ್ಟು ಕಷ್ಟವಾಗಿತ್ತು. ಯಾಕೆಂದರೆ ಮನೆಯಲ್ಲಿ ಅತ್ತೆ ಇದ್ದರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಅವರು ಮಂಚ ಹಿಡಿದು ನಾಲ್ಕು ವರ್ಷವಾಗಿತ್ತು. ಮುರಿದಿದ್ದು ಸೊಂಟ ಮಾತ್ರ, ಗಂಟಲು ಗಟ್ಟಿಯಾಗಿಯೇ ಇತ್ತು. ನಾನು ಅಂಗಳದಲ್ಲಿ ಬಟ್ಟೆ ಒಣಹಾಕಲು ಹೋದರೂ ‘ಏ ತಂಗೀ, ಎಲ್ಲಿ ಸತ್ತೀ?’ ಎಂಬ ಕೂಗು ನನಗಿಂತ ಮೊದಲೇ ಅಂಗಳದಲ್ಲಿ ಇರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದದ್ದು ನಾವು ಮೂವರು ಮತ್ತು ಅತ್ತೆಯ ಟಿ.ವಿ. ‘ಅತ್ತೆಯ ಟಿ.ವಿ.’ ಎಂದು ಬೇಕೆಂದೇ ಬರೆದಿದ್ದೇನೆ. ಅದರ ಮೇಲೆ ನಮಗಿಬ್ಬರಿಗೆ ಇದ್ದ ಹಕ್ಕು ಧೂಳು ಒರೆಸುವುದು ಒಂದೇ.

ಆ ವರ್ಷಗಳಲ್ಲಿ ಟೈಪ್‌ರೈಟರುಗಳ ಸದ್ದು ಎಲ್ಲ ಊರುಗಳಲ್ಲೂ ಅಡಗುತ್ತಿತ್ತು. ನಮ್ಮವರು ಹೇಗೋ ಒಂದು ಕಂಪ್ಯೂಟರ್ ತಂದಿಟ್ಟರು. ಅಷ್ಟರಲ್ಲಿ ಬಸ್ ನಿಲ್ದಾಣದ ಹತ್ತಿರ ಗಾಜಿನ ಬಾಗಿಲಿನ ಹೊಸ ಕಂಪ್ಯೂಟರ್ ಸೆಂಟರ್ ಒಂದು ಬಂತು. ಅಲ್ಲಿ ಪಾಠ ಹೇಳಲು ಒಬ್ಬ ಮೇಡಂ ಇದ್ದರು. ಹೆಣ್ಣುಮಕ್ಕಳ ತಾಯಂದಿರು ಇವರನ್ನು ಕೇಳತೊಡಗಿದರು: ‘ಸರ, ನಿಮ್ಮಲ್ಲಿ ಮೇಡಮ್ಮಾರು ಇಲ್ಲೇನ್ರಿ?’

ಒಂದು ಮಧ್ಯಾಹ್ನ ಊಟಕ್ಕೆ ಬಂದವರು ನನ್ನನ್ನೇ ನೋಡುತ್ತ ನಿಂತರು. ನಾನು ರೊಟ್ಟಿ ಬಡಿಯುತ್ತಿದ್ದೆ.

‘ಲೇ, ನೀನ ಮೇಡಮ್ಮು.’

‘ಯಾವುದಕ್ಕ್ರೀ?’

‘ಕಂಪ್ಯೂಟರಿಗೆ.’

‘ಅದರ ಮಾರಿ ಯಾವ ಕಡೆ ಐತಿ ಅನ್ನಾದೂ ನನಗ ಗೊತ್ತಿಲ್ಲ.’

‘ಕಲಿಸ್ತೀನಿ. ಹುಡುಗ್ಯಾರ ಬ್ಯಾಚು ನಿಂದು. ಅಲ್ಲಿ ಇನ್ನೊಂದು ಖುರ್ಚಿ ಹಾಕಿಸ್ತೀನಿ, ಅದೂ ನಿಂದು.’

ಹತ್ತನೆಯ ತರಗತಿ ಪಾಸಾದ ಮೇಲೆ ನನಗೆ ಯಾರೂ ‘ಕಲಿಸ್ತೀನಿ’ ಎಂದಿರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನು ಅವರನ್ನು ಬೈದೆ. ಆದರೆ ಆ ಖುರ್ಚಿ ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು. ಆಗ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಮನೆಯಲ್ಲೇ ಕಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದೆವು. ಒಂದು ಭಾನುವಾರ ಅವರು ಕಂಪ್ಯೂಟರನ್ನು ಹಸುಗೂಸಿನಂತೆ ಎದೆಗವಚಿಕೊಂಡು ಓಣಿ ದಾಟಿಸಿ ತಂದರು. ನಾನು ಕೈಕಾಲು ತೊಳೆದು ಕುಂಕುಮ ಇಟ್ಟುಕೊಂಡು ಕುಳಿತೆ. ಹತ್ತೇ ನಿಮಿಷ! ‘ಹಂಗಲ್ಲ, ಹಿಂಗ’ ಎಂದು ಶುರುವಾದ ಪಾಠ, ನಮ್ಮ ಮದುವೆಯಲ್ಲಿ ಅವರ ಚಿಕ್ಕಪ್ಪ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಎದ್ದು ಹೋದ ವಿಷಯಕ್ಕೆ ಬಂದು ನಿಂತಿತ್ತು. ಅತ್ತೆ ಮಂಚದಿಂದಲೇ ‘ಸಾಲಿಲ್ಲ, ನಾ ನೋಡೀನಿ’ ಎಂದು ಸಾಕ್ಷಿ ಹೇಳಿದರು. ನಮ್ಮವರು ಕಂಪ್ಯೂಟರನ್ನು ಮತ್ತೆ ಎದೆಗವಚಿಕೊಂಡು ಹೊರಟರು. ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಇದು:

‘ಮನ್ಯಾಗ ನಾನು ಗಂಡ. ಗಂಡ ಕಲಿಸಿದ್ದನ್ನ ಹೆಂಡ್ತಿ ಕಲಿಯಂಗಿಲ್ಲ. ಮಾಸ್ತರ ಅಲ್ಲಿ ಅದಾನ. ನೀ ಇಲ್ಲೇ ಕುಂದ್ರು. ಅವನು ಅಲ್ಲಿಂದ ಪಾಠ ಕಳಿಸ್ತಾನ.’

ಕಳಿಸುವುದು ಹೇಗೆ? ಟಿ.ವಿ.ಗೆ! ಅಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಕಾಣುವುದೆಲ್ಲ ಇಲ್ಲಿ ಅತ್ತೆಯ ಟಿ.ವಿ.ಯ ಮೇಲೆ ಕಾಣಬೇಕು. ಅವರು ಅಲ್ಲಿ ಮಾಸ್ತರಾಗಿ ಪಾಠ ಮಾಡಬೇಕು, ನಾನು ಇಲ್ಲಿ ಸೊಸೆಯಾಗಿ ಇದ್ದುಕೊಂಡೇ ಕಲಿಯಬೇಕು.

ಮೊದಲು ವೈರು ಎಳೆದರು. ಇನ್‌ಸ್ಟಿಟ್ಯೂಟಿನ ಕಿಟಕಿಯಿಂದ ನಮ್ಮ ಕಿಟಕಿಗೆ, ಓಣಿಯ ಮೇಲೆ, ಬಟ್ಟೆ ಒಣಹಾಕುವ ಹಗ್ಗದಂತೆ. ಎರಡನೆಯ ದಿನವೇ ಶೇಂಗಾ ಹೊಟ್ಟು ಹೇರಿದ ಬಂಡಿಯೊಂದು ಓಣಿಗೆ ಬಂತು. ಹೊಟ್ಟಿನ ಎತ್ತರ ಎಷ್ಟು ಎಂದು ಬಂಡಿಯವನಿಗೂ ಗೊತ್ತಿರಲಿಲ್ಲ, ವೈರಿನ ಎತ್ತರ ಎಷ್ಟು ಎಂದು ನಮ್ಮವರಿಗೂ ಗೊತ್ತಿರಲಿಲ್ಲ. ಬಂಡಿ ಮುಂದೆ ಹೋಯಿತು. ಅದರ ಹಿಂದೆ ವೈರು ಹೋಯಿತು. ವೈರಿನ ಹಿಂದೆ ಟಿ.ವಿ. ಹೊರಟಿತು. ಅತ್ತೆ ಮಲಗಿದಲ್ಲಿಂದಲೇ ಅದರ ಸ್ಟ್ಯಾಂಡಿನ ಕಾಲು ಹಿಡಿದುಕೊಂಡು, ‘ಹಿಡೀರೋ! ಟಿ.ವಿ. ಓಡಿ ಹೊಂಟೈತಿ!’ ಎಂದು ಕೂಗಿದರು. ಸೊಂಟ ಮುರಿದವರಿಗೆ ಆ ಶಕ್ತಿ ಎಲ್ಲಿಂದ ಬಂತೋ!

ಅಂದಿನಿಂದ ನಮ್ಮವರಿಗೆ ವೈರು ಎಂದರೆ ಹಗೆ. ‘ವೈರಿಲ್ದ ಕಳಿಸ್ತೀನಿ. ಗಾಳ್ಯಾಗ ಕಳಿಸ್ತೀನಿ’ ಎಂದರು.

ಹರಪನಹಳ್ಳಿಯಲ್ಲಿ ಅವರಿಗೆ ಒಬ್ಬ ರೇಡಿಯೋ ರಿಪೇರಿಯವನ ಪರಿಚಯವಿತ್ತು. ಇವರು ಹೇಳಿದ್ದನ್ನೆಲ್ಲ ಆ ಪುಣ್ಯಾತ್ಮ ಕೇಳಿಸಿಕೊಂಡು ಒಂದು ಪ್ಲಾಸ್ಟಿಕ್ ಸಾಬೂನು ಡಬ್ಬಿಯೊಳಗೆ ಏನೇನೋ ಬೆಸೆದು ಕೊಟ್ಟ. ಡಬ್ಬಿಯಿಂದ ಒಂದು ಮೊಳ ತಂತಿ ಇಲಿಯ ಬಾಲದಂತೆ ಹೊರಗೆ ಬಂದಿತ್ತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಚಿತ್ರ ಗಾಳಿಗೆ ಸೇರುತ್ತದಂತೆ, ಟಿ.ವಿ.ಯಲ್ಲಿ ಒಂದು ಚಾನೆಲ್ ತಿರುಗಿಸಿದರೆ ಸಿಗುತ್ತದಂತೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಕಂಡಕ್ಟರ್ ಕೇಳಿದನಂತೆ, ‘ಏನ್ರೀ ಮಾಸ್ತರ, ಅದೇನು?’

‘ನಮ್ಮ ಮನಿಯಾಕಿ ಕಂಪ್ಯೂಟರ್ ಕಲಿಯಾಕ.’

‘ಸಾಬೂನು ಡಬ್ಬ್ಯಾಗ?’

ಈ ಮಾತನ್ನು ನಮ್ಮವರು ಮನೆಗೆ ಬಂದು ಸಿಟ್ಟಿನಿಂದ ಹೇಳಿದರು. ಮುಂದೆ ಮೂರು ವಾರ ನಡೆದದ್ದನ್ನು ನೋಡಿದ ಮೇಲೆ ನನಗೆ ಆ ಕಂಡಕ್ಟರನ ಮೇಲೆ ಗೌರವ ಹೆಚ್ಚಿತು.

ನನ್ನ ಕೆಲಸ ಟಿ.ವಿ.ಯ ಮುಂದೆ ನಿಲ್ಲುವುದು. ಅವರ ಕೆಲಸ ಅಲ್ಲಿಂದ ಕೂಗುವುದು.

‘ಬಂತೇನು?’

‘ಇಲ್ರೀ!’

‘ಈಗ?’

‘ಇಲ್ರೀ!’

‘ಸರಿಯಾಗಿ ನೋಡು!’

ಸರಿಯಾಗಿ ನೋಡುವುದು ಎಂದರೇನು? ಬಾರದೇ ಇರುವುದನ್ನು ಇನ್ನೆಷ್ಟು ಸರಿಯಾಗಿ ನೋಡಬೇಕು? ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ಅತ್ತೆ ನೀರು ಕೇಳುತ್ತಿದ್ದರು, ನಾನು ಸೊಂಟದ ಮೇಲೆ ಕೈಯಿಟ್ಟು ಚಾನೆಲ್ಲುಗಳನ್ನು ಒಂದೊಂದಾಗಿ ತಿರುಗಿಸುತ್ತ ‘ಇಲ್ರೀ’ ಎನ್ನುತ್ತಿದ್ದೆ. ನನ್ನ ದಾಂಪತ್ಯದ ಒಂದು ಭಾಗ ಹಾಗೆಯೇ ಕಳೆಯಿತು.

ಒಂದು ದಿನ ಪರದೆಯ ಮೇಲೆ ಬಿಳಿ ಗೆರೆಗಳು ಕುಣಿದವು. ನನಗೆ ಮೈಮರೆವು. ಬಾಗಿಲಿಗೆ ಓಡಿ ಬಂದು ‘ಬಂತು! ಬಂತ್ರೀ! ಬಂತು!’ ಎಂದು ಕೂಗಿಬಿಟ್ಟೆ. ಆಗ ನಮ್ಮ ಓಣಿಗೆ ನೀರು ಬಿಟ್ಟು ಎಂಟು ದಿನವಾಗಿತ್ತು. ಒಂದು ನಿಮಿಷದೊಳಗೆ ಓಣಿಯ ಹೆಂಗಸರೆಲ್ಲ ಕೊಡ, ಬಕೆಟ್ಟು, ಹಂಡೆ ಹಿಡಿದು ನಲ್ಲಿಯ ಮುಂದೆ ಸಾಲು ನಿಂತಿದ್ದರು. ಒಬ್ಬಾಕೆ ತಲೆಗೆ ಸಾಬೂನು ಹಚ್ಚಿಕೊಂಡೇ ಬಂದಿದ್ದಳು. ‘ಎಲ್ಲೈತವ್ವಾ ನೀರು?’ ಎಂದರು. ನಾನು ಬೆರಳು ಮಾಡಿ ಟಿ.ವಿ. ತೋರಿಸಿದೆ. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಆ ಗೆರೆಗಳೂ ನಮ್ಮವರು ಕಳಿಸಿದ್ದಲ್ಲ. ಪಕ್ಕದ ಮನೆಯಲ್ಲಿ ಚಟ್ನಿಗೆ ಮಿಕ್ಸರ್ ಹಾಕಿದ್ದರು.

ಟಿ.ವಿ. ಮುಖ ಬೇರೆ ಕಡೆ ಇರುವುದರಿಂದ ಬರುತ್ತಿಲ್ಲ ಎಂದು ಒಂದು ದಿನ ಅವರಿಗೆ ಹೊಳೆಯಿತು. ಟಿ.ವಿ. ತಿರುಗಿಸಿದರೆ ಅತ್ತೆಗೆ ಕಾಣುವುದಿಲ್ಲ. ಹಾಗಾಗಿ ಅತ್ತೆಯ ಮಂಚವನ್ನೂ ತಿರುಗಿಸಿದರು. ಅತ್ತೆ ಸೂರ್ಯನ ಬೆಳಕು ಯಾವ ಕಿಟಕಿಯಲ್ಲಿದೆ ಎಂದು ನೋಡಿದರು, ಲೆಕ್ಕ ಹಾಕಿದರು, ಎದೆ ಬಡಿದುಕೊಂಡರು.

‘ಅಯ್ಯೋ ನನ್ನ ಹೊಟ್ಟ್ಯಾಗ ಹುಟ್ಟಿದವನ! ಬಡಗ ದಿಕ್ಕಿಗೆ ತಲಿ ಮಾಡಿ ಮಲಗಿಸೀಯಲ್ಲೋ! ಕಂಪ್ಯೂಟರ್ ಸಲುವಾಗಿ ತಾಯೀನ ಸಾಯಿಸ್ತೀಯಾ?’

‘ಅವ್ವಾ, ಅರ್ಧ ತಾಸು.’

‘ಯಮನಿಗೆ ಅರ್ಧ ತಾಸು ಸಾಕು!’

ಮಂಚ ಮತ್ತೆ ತಿರುಗಿತು.

ಇಷ್ಟೆಲ್ಲ ಆಗುವಾಗ ಅವರು ಅಲ್ಲಿ ಕಂಪ್ಯೂಟರಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಏನಾದರೂ ಬರೆದು ಬರೆದು ಕಳಿಸುತ್ತಿದ್ದರು, ಬಂದರೆ ನನಗೆ ಗೊತ್ತಾಗಲಿ ಎಂದು. ಏನು ಬರೆಯುತ್ತಿದ್ದರು ಎಂದು ನಾನು ಕೇಳಿರಲಿಲ್ಲ. ಗೊತ್ತಾದದ್ದು ಎರಡು ಮನೆ ಆಚೆಯ ಕೊಟ್ರಮ್ಮ ಬಂದಾಗ. ಅವಳ ಗಂಡನದು ಮಂಡಕ್ಕಿ ಮಿರ್ಚಿ ಅಂಗಡಿ. ಅವಳು ಒಂದು ಬಟ್ಟಲು ಹಿಡಿದು ಒಳಗೆ ಬಂದಳು.

‘ತಗಾ ಯಕ್ಕಾ, ಉಪ್ಪು.’

‘ನಾ ಕೇಳಿಲ್ಲಲ್ಲ?’

‘ನೀ ಕೇಳಿಲ್ಲ. ಮಾಸ್ತರು ಹೇಳ್ಯಾರ. ನಮ್ಮ ಟಿ.ವಿ.ದಾಗ. “ನಿನ್ನೆ ಸಾರಿಗೆ ಉಪ್ಪಿರಲಿಲ್ಲ, ಮನೆಯಲ್ಲಿ ಉಪ್ಪು ಮುಗಿದಿದೆಯೇ?” ಅಂತ ದೊಡ್ಡ ಅಕ್ಷರದಾಗ ಬಂದಿತ್ತು. ಪಾಪ, ಗಂಡಸರು ಅಷ್ಟು ಬಹಿರಂಗ ಹೇಳ್ಯಾರ ಅಂದ್ರ ಎಷ್ಟು ಸಪ್ಪಗಿತ್ತೋ ಅಂತ ತಗೊಂಡ್ ಬಂದೆ.’

ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೇಳಿದೆ, ‘ಎಷ್ಟು ದಿನದಿಂದ ಬರಾಕ ಹತ್ತೈತಿ?’

‘ಹದಿನೈದು ದಿನ ಆತು. ನಮ್ಮ ಮನ್ಯಾಗೂ ಬರ್ತೈತಿ, ಆ ಕಡೆ ಐದು ಮನ್ಯಾಗೂ ಬರ್ತೈತಿ. ಮೊನ್ನೆ “ಅವ್ವ ಗೊರಕೆ ಹೊಡೆಯುತ್ತಿದ್ದಾಳೆಯೇ, ಪಾಠ ಶುರು ಮಾಡಲೇ?” ಅಂತ ಬಂದಿತ್ತು. ನಾವೆಲ್ಲ ಟಿ.ವಿ. ಸೌಂಡ್ ಕಮ್ಮಿ ಮಾಡಿ ಕಿವಿಗೊಟ್ಟು ಕೇಳಿದ್ವಿ. ಹೊಡಿತಿದ್ರು.’

‘ಯಾವಾಕಿ ಅಕಿ, ನನ್ನ ಗೊರಕಿ ಕೇಳಿದಾಕಿ?’ ಎಂದು ಮಂಚದಿಂದ ಗುಡುಗು ಬಂತು. ಕೊಟ್ರಮ್ಮ ಬಟ್ಟಲು ಅಲ್ಲೇ ಬಿಟ್ಟು ಓಡಿದಳು.

ನಮ್ಮವರು ಇದನ್ನು ಕೇಳಿ ನಾಚಿಕೊಂಡರೆ? ಇಲ್ಲ! ಕಣ್ಣು ಹೊಳೆದವು. ‘ಅಂದ್ರ ಡಬ್ಬಿ ಕೆಲಸ ಮಾಡಾಕ ಹತ್ತೈತಿ!’ ಎಂದರು. ಮರುದಿನದಿಂದ ಉಪ್ಪಿನ ಸುದ್ದಿ ಬಿಟ್ಟು ಪಾಠವನ್ನೇ ಕಳಿಸತೊಡಗಿದರು. ಓಣಿಯ ಹೆಂಗಸರು ಮಧ್ಯಾಹ್ನ ಕೆಲಸ ಮುಗಿಸಿ ಟಿ.ವಿ. ಮುಂದೆ ಕುಳಿತು ಯಾವ ಕೀಲಿಗೆ ಯಾವ ಅಕ್ಷರ, ಯಾವ ಬೆರಳು ಎಂದು ಕಲಿತರು. ಕೊಟ್ರಮ್ಮ ಮಂಡಕ್ಕಿ ಕಟ್ಟುವ ಕಾಗದದ ಮೇಲೆ ಕೀಲಿಗಳನ್ನು ಬರೆದುಕೊಂಡು ಒತ್ತುತ್ತಿದ್ದಳು. ಅಂಗಳದಿಂದ ಕೂಗುತ್ತಿದ್ದಳು: ‘ಯಕ್ಕಾ, ನಾ ಇವತ್ತು ನಾಕು ಬೆರಳು ಕಲ್ತೆ! ನೀನು?’

‘ನನಗ ಮಿಕ್ಸರ್ ಗೆರಿ ಬಂತು’ ಎನ್ನುತ್ತಿದ್ದೆ.

ನನಗಾಗಿ ಹೊರಟ ಪಾಠ ನನ್ನೊಬ್ಬಳನ್ನು ಬಿಟ್ಟು ಎಲ್ಲರ ಮನೆ ತಲುಪುತ್ತಿತ್ತು. ನಗು ಬರುವ ವಿಷಯವೇ. ಆದರೆ ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತ, ನಾನು ಆ ಖುರ್ಚಿಯಲ್ಲಿ ಕೂರುವ ಮೊದಲು ಕೊಟ್ರಮ್ಮನೇ ಕೂರುತ್ತಾಳೆ ಎನಿಸಿ ಕಣ್ಣಲ್ಲಿ ನೀರು ಬಂದಿತ್ತು. ಬೂದಿ ಕೈಯಲ್ಲೇ ಒರೆಸಿಕೊಂಡಿದ್ದಕ್ಕೆ ಕಣ್ಣು ಇನ್ನಷ್ಟು ಉರಿಯಿತು.

ಕೊನೆಗೆ ಈ ಗಂಟು ಬಿಡಿಸಿದವನು ಜಗಳಕ್ಕೆ ಬಂದವನು. ನಮ್ಮ ಓಣಿಗೆ ಕೇಬಲ್ ಕೊಡುವವನು ಒಂದು ಬೆಳಿಗ್ಗೆ ಮೋಟಾರ್ ಸೈಕಲ್ ನಿಲ್ಲಿಸಿ ಒಳಗೆ ಬಂದ.

‘ಸರ, ನೀವು ಓದಿದೋರು. ನನ್ನ ಧಂದೆ ಮ್ಯಾಲೆ ಕಲ್ಲು ಹಾಕಬ್ಯಾಡ್ರಿ.’

‘ನಾ ಏನು ಮಾಡಿದೆಪಾ?’

‘ಚಾನೆಲ್ ಬಿಟ್ಟೀರಿ! ನನ್ನ ಕನೆಕ್ಷನ್ ಇದ್ದೋರೆಲ್ಲ ನನ್ನ ಕೊಳ್ಳಪಟ್ಟಿ ಹಿಡೀತಾರ. ಕೇಬಲ್ ಇಲ್ದೋರಿಗೆ ಟೈಪಿಂಗ್ ಚಾನೆಲ್ ಬರ್ತೈತಿ, ರೊಕ್ಕ ಕೊಡೋ ನಮಗ್ಯಾಕ ಬರಂಗಿಲ್ಲ ಅಂತಾರ!’

‘ಅವರಷ್ಟ ಅಲ್ಲಪಾ’ ಎಂದರು ನಮ್ಮವರು, ದಣಿದ ದನಿಯಲ್ಲಿ. ‘ಚಾನೆಲ್ ಬಿಟ್ಟವನಿಗೂ ಬರಂಗಿಲ್ಲ.’

ಕೇಬಲ್ಲಿನವನು ಅವರ ಮುಖ ನೋಡಿದ. ಟಿ.ವಿ. ಹಿಂದೆ ಹೋಗಿ ಬಗ್ಗಿದ. ಅಲ್ಲಿಂದ ನಗು ಕೇಳಿಸಿತು.

‘ಸರ, ಇದಕ್ಕ ಚುಚ್ಚಿದ್ದು ನನ್ನ ವೈರು. ನನ್ನ ವೈರಿನಾಗ ನಾ ಕಳಿಸಿದ್ದು ಬರ್ತೈತಿ. ನೀವು ಗಾಳ್ಯಾಗ ಬಿಟ್ಟಿದ್ದನ್ನ ಹಿಡಿಯಾಕ ಆಂಟೆನಾ ಬೇಕಲ್ರಿ? ನಿಮ್ಮ ಆಂಟೆನಾ ಎಲ್ಲೈತಿ?’

ನಮ್ಮವರು ಬಾಗಿಲಿಗೆ ಹೋಗಿ ತಲೆಯೆತ್ತಿ ಕೊಟ್ರಮ್ಮನ ಮಾಳಿಗೆ ನೋಡಿದರು. ನಾನೂ ನೋಡಿದೆ. ಕೇಬಲ್ ಹಾಕಿಸಿದ ವರ್ಷ ‘ಇನ್ನ ನಮಗ್ಯಾಕ’ ಎಂದು ನಮ್ಮ ಆಂಟೆನಾವನ್ನು ಕಿತ್ತು, ತಾವೇ ಏಣಿ ಹತ್ತಿ ಕೊಟ್ರಮ್ಮನ ಮಾಳಿಗೆಗೆ ಕಟ್ಟಿಕೊಟ್ಟವರು ಅವರೇ! ಕೊಟ್ರಮ್ಮ ನಮ್ಮ ಪಾಠವನ್ನು ನಮ್ಮ ಆಂಟೆನಾದಲ್ಲೇ ಹಿಡಿದು ಕಲಿಯುತ್ತಿದ್ದಳು.

ಅಂದು ಅವರು ಊಟ ಮಾಡಲಿಲ್ಲ. ನಾನು ಮಾತ್ರ ಹೊಟ್ಟೆ ತುಂಬ ಉಂಡೆ.

ಹೊಸ ಆಂಟೆನಾ ಮಾಳಿಗೆಗೆ ಏರಿತು. ಆದರೆ ಅದನ್ನು ಟಿ.ವಿ.ಗೆ ಚುಚ್ಚಬೇಕಾದರೆ ಕೇಬಲ್ ಕೀಳಬೇಕು. ಅತ್ತೆ ಒಪ್ಪಲಿಲ್ಲ.

‘ನನ್ನ ಧಾರಾವಾಹಿ ಸೊಸಿಗೆ ವಿಷ ಹಾಕ್ಯಾರ. ಬದುಕ್ತಾಳೋ ಸಾಯ್ತಾಳೋ ನೋಡಬೇಕು.’

‘ಅವ್ವಾ, ಅಕಿ ಮೂರು ತಿಂಗಳಿಂದ ವಿಷ ಕುಡಿಯಾಕ ಹತ್ಯಾಳ. ಸಾಯಂಗಿಲ್ಲ. ಈ ಸೊಸಿ ಒಂದು ತಾಸು ಕಲೀಲಿ.’

‘ಕಲ್ತು ಎಲ್ಲಿಗೆ ಹೋಗ್ಬೇಕು ಅಕಿ?’

‘ಎದುರಿಗೆ. ಹನ್ನೊಂದು ಹೆಜ್ಜಿ.’

‘ನಾ ಬಿದ್ರ ಯಾರು ಎತ್ತೋರು?’

‘ಆ ಮಾತು ಆಮ್ಯಾಲೆ. ಮೊದಲು ಕಲೀಲಿ.’

ಎರಡು ದಿನ ಅತ್ತೆ ಊಟ ಬಿಟ್ಟರು. ಎರಡು ದಿನ ಮಗನೂ ಊಟ ಬಿಟ್ಟರು. ಮೂರನೆಯ ದಿನ ಇಬ್ಬರಿಗೂ ಹಸಿವಾಗಿ ಒಪ್ಪಂದವಾಯಿತು: ಮಧ್ಯಾಹ್ನ ಮೂರರಿಂದ ನಾಲ್ಕು ಪಾಠ, ಉಳಿದ ಹೊತ್ತು ವಿಷ.

ಆ ಮಧ್ಯಾಹ್ನ ನಾನೇ ಕೇಬಲ್ ಕಿತ್ತು ಆಂಟೆನಾ ಚುಚ್ಚಿದೆ. ಪರದೆ ಹಿಮ ಸುರಿದಂತೆ ಮಬ್ಬಾಗಿತ್ತು. ಆ ಮಬ್ಬಿನೊಳಗಿಂದ ಒಂದೊಂದೇ ಅಕ್ಷರ ಮೂಡಿತು: ‘ಕಾಣುತ್ತಿದೆಯೇ?’

ನೀರಿನ ಪ್ರಸಂಗ ಆದ ಮೇಲೆ ನಾನು ಕೂಗುವುದನ್ನು ಬಿಟ್ಟಿದ್ದೆ. ‘ಕಾಣ್ತೈತ್ರೀ’ ಎಂದು ಮೆಲ್ಲಗೆ ಟಿ.ವಿ.ಗೇ ಹೇಳಿದೆ. ಅದಕ್ಕೆ ಕೇಳಿಸೀತೇ? ಸ್ವಲ್ಪ ಹೊತ್ತಿಗೆ ಅವರೇ ಏದುಸಿರು ಬಿಡುತ್ತ ಓಡಿ ಬಂದು ಬಾಗಿಲಲ್ಲಿ ನಿಂತರು. ನನ್ನ ಮುಖ ನೋಡಿದರು. ಏನೂ ಕೇಳದೆ ಹೊರಳಿ ಓಡಿದರು. ಪಾಠ ಶುರುವಾಯಿತು.

ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೀಲಿಗಳನ್ನು ಗೆರೆ ಎಳೆದು ಬರೆದು ಕೊಟ್ಟಿದ್ದರು. ಪರದೆಯ ಮೇಲೆ ಅಕ್ಷರ ಬಂದಂತೆ ನಾನು ಆ ಕಾಗದವನ್ನು ಒತ್ತಬೇಕು. ನಾನು ಸರಿ ಒತ್ತಿದೆನೋ ತಪ್ಪು ಒತ್ತಿದೆನೋ ಅವರಿಗೆ ಕಾಣುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಹೀಗೆ ಇಬ್ಬರೂ ಕುರುಡರಾಗಿ ನಡೆಸಿದ ವಿದ್ಯಾಭ್ಯಾಸ ಇನ್ನೆಲ್ಲೂ ನಡೆದಿರಲಾರದು. ಆದರೂ ಆಗಾಗ ಪರದೆಯ ಮೇಲೆ ‘ರೊಟ್ಟಿ ಬಡಿದಂತೆ ಬಡಿಯಬೇಡ, ಮೆಲ್ಲಗೆ’ ಎಂದು ಬರುತ್ತಿತ್ತು. ಅವರಿಗೆ ಅದು ಹೇಗೆ ಗೊತ್ತಾಗುತ್ತಿತ್ತೋ! ಆ ಕ್ಷಣಕ್ಕೆ ಸರಿಯಾಗಿ ನಾನು ಬಡಿಯುತ್ತಲೇ ಇರುತ್ತಿದ್ದೆ.

ನಾಲ್ಕು ತಿಂಗಳಾದ ಮೇಲೆ, ಒಂದು ದಿನ ಕೊಟ್ರಮ್ಮನನ್ನು ಅತ್ತೆಯ ಹತ್ತಿರ ಕೂರಿಸಿ ನನ್ನನ್ನು ಕರೆದೊಯ್ದರು. ನಿಜವಾದ ಕೀಲಿಗಳ ಮೇಲೆ ಮೊದಲ ಬಾರಿಗೆ ಬೆರಳಿಟ್ಟೆ. ಅವು ಒತ್ತಿದರೆ ಒಳಗೆ ಇಳಿಯುತ್ತವೆ ಎಂಬುದೇ ನನಗೆ ಆಶ್ಚರ್ಯ, ಕಾಗದ ಇಳಿಯುತ್ತಿರಲಿಲ್ಲವಲ್ಲ. ಒಂದು ಪುಟ ಹೊಡೆದೆ. ಏಳು ತಪ್ಪು ಬಂದವು. ಅವರು ಬಹಳ ಹೊತ್ತು ಪರದೆ ನೋಡಿ ‘ಆತು. ನೀ ಮೇಡಮ್ಮು’ ಎಂದರು. ಪಕ್ಕದಲ್ಲಿ ಹೊಸ ಖುರ್ಚಿ ಬಂದಿತ್ತು. ಪ್ಲಾಸ್ಟಿಕ್ಕಿನದು. ಕೂತು ನೋಡಲು ಹೊತ್ತಿರಲಿಲ್ಲ, ಓಣಿಯಾಚೆಯಿಂದ ‘ಏ ತಂಗೀ’ ಎಂಬ ಕೂಗು ಬಂದಿತ್ತು.

ಅತ್ತೆ ಅಂದೇ ತೀರ್ಪು ಕೊಟ್ಟರು. ‘ಹತ್ತು ನಿಮಿಷ ಅಂದ್ರ ಹೋಗ್ಲಿ. ತಾಸುಗಟ್ಟಲೆ ಬಿಡಂಗಿಲ್ಲ.’

ನಮ್ಮವರು ಸೋಲಲಿಲ್ಲ. ಅತ್ತೆಯ ಮಂಚದಲ್ಲಿ ಗುಂಡಿ ಒತ್ತಿದರೆ ಇನ್‌ಸ್ಟಿಟ್ಯೂಟಿನಲ್ಲಿ ಗಂಟೆ ಹೊಡೆಯಬೇಕು, ಅದೂ ವೈರಿಲ್ಲದೆ ಎಂದು ಹೊರಟರು. ನನಗೆ ಸಾಕಾಗಿತ್ತು. ‘ಇನ್ನೊಂದು ಡಬ್ಬಿ ಈ ಮನಿ ಹೊಸ್ತಿಲ ದಾಟಿದ್ರ ನಾ ಗುಡೇಕೋಟೆಗೆ ಹೋಗ್ತೀನಿ, ನಮ್ಮ ತವರುಮನಿಗೆ’ ಎಂದೆ. ‘ಡಬ್ಬಿ ಬಂದ ಮ್ಯಾಲೆ ಹೋಗು, ಆಗ ಅವ್ವನ್ನ ನೋಡಾಕ ಡಬ್ಬಿ ಇರ್ತೈತಿ’ ಎಂದು ನಕ್ಕು ಚೀಲ ತೆಗೆದುಕೊಂಡು ಹೋದರು. ಹರಪನಹಳ್ಳಿಯ ಬಸ್ಸಿಗೆ ಕಾಯುತ್ತ ನಿಂತವರು ನಿಲ್ದಾಣದ ಕಟ್ಟೆಯ ಮೇಲೆ ಕುಳಿತರಂತೆ. ಎದೆ ಹಿಡಿದುಕೊಂಡರಂತೆ. ಬಸ್ಸು ಬಂತು, ಹೋಯಿತು. ಅವರು ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದರು. ನಾನು ಟಿ.ವಿ.ಯಿಂದ ಆಂಟೆನಾ ಕಿತ್ತು ಕೇಬಲ್ ಚುಚ್ಚಿದೆ. ಅತ್ತೆಯ ಧಾರಾವಾಹಿ ತನ್ನ ಪಾಡಿಗೆ ನಡೆಯಿತು. ಅವರು ಗೋಡೆಯ ಕಡೆ ಹೊರಳಿ ಮಲಗಿರುತ್ತಿದ್ದರು. ನನ್ನನ್ನು ಕೂಗುವುದನ್ನೂ ಬಿಟ್ಟರು. ಅಂಗಳದಲ್ಲಿ ಎಷ್ಟು ಹೊತ್ತು ನಿಂತರೂ ಯಾರೂ ಕರೆಯಲಿಲ್ಲ.

ಒಂದು ದಿನ ಮೂವರು ಹುಡುಗಿಯರು ಬಾಗಿಲಿಗೆ ಬಂದು, ಕ್ಲಾಸು ಯಾವಾಗ ಎಂದು ಕೇಳಿದರು. ಸರ್ ಹೋದ ಮೇಲೆ ಕ್ಲಾಸು ಎಲ್ಲಿಂದ ಬರಬೇಕು? ಕಳಿಸಿಬಿಟ್ಟೆ. ಒಳಗೆ ಬಂದಾಗ ಅತ್ತೆ ಈ ಕಡೆ ಹೊರಳಿದ್ದರು.

‘ಯಾರು?’

‘ಹುಡುಗ್ಯಾರು. ಕ್ಲಾಸಿಗೆ.’

‘ಏನಂದಿ?’

‘ಮುಚ್ಚೈತಿ ಅಂದೆ.’

ಅತ್ತೆ ಟಿ.ವಿ. ಕಡೆ ಕೈ ತೋರಿಸಿದರು:

‘ಆ ಕೇಬಲ್ ಕೀಳು.’

‘ನಿಮ್ಮ ಧಾರಾವಾಹಿ, ಅತ್ತಿ?’

‘ಹಾಳಾಗಿ ಹೋಗ್ಲಿ. ಅಕಿ ಸಾಯಂಗಿಲ್ಲ.’ ಅವರು ಉಸಿರು ಎಳೆದುಕೊಂಡರು. ‘ಮೂರರಿಂದ ನಾಕು ಗಂಟಿತನಾ ನೀನು ಅಕ್ಷರ ನೋಡ್ತಿದ್ದಿ. ನನಗೇನು ಅಕ್ಷರ ಬರ್ತಾವ? ಅದರಾಗ ಒಂದು ಸಣ್ಣ ಬಾಣ ಓಡಾಡ್ತಿತ್ತಲ್ಲ, ಬಿಳೇದು? ನಾ ಅದನ್ನ ನೋಡ್ತಿದ್ದೆ. ಅಲ್ಲಿ ನನ್ನ ಮಗನ ಕೈ ಎತ್ತ ಹೋದ್ರ ಇಲ್ಲಿ ಅದು ಅತ್ತ ಹೋಗ್ತಿತ್ತು. ನಿಂತ್ರ, ಚಾ ಕುಡಿಯಾಕ ಹತ್ಯಾನ ಅಂದ್ಕಂತಿದ್ದೆ. ಮತ್ತ ಓಡಾಡಿದ್ರ, ಆತು, ಕುಡಿದ ಅಂದ್ಕಂತಿದ್ದೆ.’

ನಾನು ಮಂಚದ ಕಾಲು ಹಿಡಿದು ಕೆಳಗೆ ಕುಳಿತೆ.

‘ನೀ ಹೋಗು. ಆ ಹುಡುಗ್ಯಾರನ್ನ ಕರಿ’ ಎಂದರು ಅತ್ತೆ. ‘ಅದನ್ನ ಅಲ್ಲಾಡಿಸ್ತಿರು. ಅದು ಓಡಾಡೋತನಾ ನೀ ಅಲ್ಲಿ ಅದಿ ಅಂತ ತಿಳಕೊಂಡು ನಾ ಸುಮ್ಮನ ಬಿದ್ದಿರ್ತೀನಿ. ಬೀಳಂಗಿಲ್ಲ, ಹೋಗು.’

ಕೇಬಲ್ ಕಿತ್ತು ಆಂಟೆನಾ ಚುಚ್ಚಿ ಓಣಿ ದಾಟಿದೆ. ಬೀಗ ತೆಗೆದೆ. ಹುಡುಗಿಯರು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು, ಹಿಂದೆಯೇ ಬಂದರು. ಕಂಪ್ಯೂಟರ್ ಹಾಕಿದೆ. ಖುರ್ಚಿಯಲ್ಲಿ ಕುಳಿತೆ. ಪಾಠ ಶುರು ಮಾಡಲಿಲ್ಲ. ಮೌಸಿನ ಮೇಲೆ ಕೈಯಿಟ್ಟು ಆ ಬಾಣವನ್ನು ಪರದೆಯ ಈ ತುದಿಯಿಂದ ಆ ತುದಿಗೆ ಒಯ್ದೆ. ಮೇಲಕ್ಕೆ ಒಯ್ದೆ, ಕೆಳಗೆ ತಂದೆ. ವಯಸ್ಸಾದ ಕಣ್ಣಿಗೆ ಕಾಣುವಷ್ಟು ನಿಧಾನ.

ಒಬ್ಬ ಹುಡುಗಿ ಕೇಳಿದಳು, ‘ಮೇಡಂ, ಏನು ಹುಡುಕಾಕ ಹತ್ತೀರಿ?’

‘ಏನಿಲ್ಲವ್ವಾ, ಒಂಚೂರು ತಡಿ’ ಎಂದೆ. ‘ನಮ್ಮ ಅತ್ತಿ ನೋಡಾಕ ಹತ್ಯಾರ.’